ನಿಂಬೆಹಣ್ಣು ತಿಂದ ಬಾಕು

ಬಾಕು ಅಸಲಿಯೋ ನಕಲಿಯೋ ನೋಡಿ ಹೇಳಲು ತಂಗಿಯನ್ನೇ ಕರೆದುಕೊಂಡು ಹೋಗುತ್ತೇನೆ ಎಂದು ಅಣ್ಣ ಹೇಳಿದಾಗ ಮನೆಯ ಗಂಡಸರೆಲ್ಲ ನಕ್ಕರು. ನಗುವವರು ನಗಲಿ. ಅವರಲ್ಲಿ ಎಷ್ಟು ಮಂದಿ ನಿಜವಾದ ಬಾಕು ಮುಟ್ಟಿದ್ದಾರೆ? ತಮ್ಮ ತಮ್ಮ ಮದುವೆಯಲ್ಲಿ ಅವರು ಹಿಡಿದದ್ದು ಉಳ್ಳಾಗಡ್ಡಿ ಹೆಚ್ಚುವ ಚಾಕು. ನಾನು ಸಣ್ಣವಳಿದ್ದಾಗಿನಿಂದ ಪ್ರತಿ ಮಹಾನವಮಿಗೆ ನಮ್ಮ ಮನೆಯ ಬಾಕುವನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದವಳು. ಮೇಲಾಗಿ ಸಿಂಧನೂರಿನ ಕಾಲೇಜೊಂದರಲ್ಲಿ ನಿವೃತ್ತಿಯಾಗುವವರೆಗೆ ರಸಾಯನಶಾಸ್ತ್ರ ಕಲಿಸಿದವಳು. ತುಕ್ಕಿನ ವಿಷಯದಲ್ಲಿ ನನಗೆ ಬುದ್ಧಿ ಹೇಳಲು ಬಂದವರನ್ನು ನಾನು ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತೇನೆ.

ಆ ಬಾಕು ನಮ್ಮ ಮುತ್ಯಾನದು, ಎಂದರೆ ಅಪ್ಪನ ಅಪ್ಪನದು. ಅವನು ನಿಜಾಮನ ಫೌಜಿನಲ್ಲಿ ಸಿಪಾಯಿಯಾಗಿದ್ದ. ಫೌಜು ಮುಗಿದ ಮೇಲೆ ಮಸ್ಕಿಯ ಆಚೆಗಿನ ನಮ್ಮೂರಿಗೆ ಹಿಂದಿರುಗುವಾಗ ಅದೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದನಂತೆ. ಗೇಣಿಗಿಂತ ತುಸು ಉದ್ದದ ನೇರ ಅಲಗು, ಎರಡೂ ಬದಿಗೆ ಹರಿತ, ಕೊಂಬಿನ ಹಿಡಿ, ಅಲಗಿನ ಬುಡದಲ್ಲಿ ಫೌಜಿನ ಮುದ್ರೆ. ಅದರಿಂದ ಮುತ್ಯಾ ಯಾರನ್ನಾದರೂ ಇರಿದದ್ದನ್ನು ನಾನು ಕೇಳಿಲ್ಲ. ಕಲ್ಲಂಗಡಿ ಕೊಯ್ದದ್ದನ್ನು ನೋಡಿದ್ದೇನೆ.

ನಮ್ಮ ಕಡೆ ಅರಿಶಿಣ ಹಚ್ಚಿಸಿಕೊಂಡ ಮದುಮಗ ಬರಿಗೈಯಲ್ಲಿ ಇರುವಂತಿಲ್ಲ. ಕೈಯಲ್ಲಿ ಕಬ್ಬಿಣ ಇರಬೇಕು, ಅದರ ತುದಿಗೆ ನಿಂಬೆಹಣ್ಣು ಚುಚ್ಚಿರಬೇಕು. ಗಾಳಿ, ದೃಷ್ಟಿ ಏನೂ ತಾಗಬಾರದೆಂದು ಈ ಪದ್ಧತಿ. ಮದುವೆ ಮುಗಿದು ದೇವರಿಗೆ ಹೋಗಿ ಬರುವವರೆಗೂ ಉಣ್ಣುವಾಗ ಪಕ್ಕದಲ್ಲಿ, ಮಲಗುವಾಗ ತಲೆದಿಂಬಿನ ಬಳಿ ಅದು ಇರಲೇಬೇಕು. ಊರಿನಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ನಮ್ಮ ಬಾಕು ಹೋಗುತ್ತಿತ್ತು. ಮುಸಲ್ಮಾನರ ಮನೆಯ ಮದುಮಕ್ಕಳೂ ಒಯ್ಯುತ್ತಿದ್ದರು. ಫೌಜಿನ ಬಾಕು ಹಿಡಿದ ಮದುಮಗ ಎಂದರೆ ಊರಿಗೇ ಒಂದು ಗತ್ತು.

ಅಣ್ಣನ ಮದುವೆಯ ಹೊತ್ತಿಗೆ ನಾನು ಹೈಸ್ಕೂಲಿನಲ್ಲಿದ್ದೆ. ಅತ್ತಿಗೆ ಜವಳಗೇರಾದವಳು. ಮದುವೆ ಅಲ್ಲಿಯೇ ಆಗಿ, ಟ್ರ್ಯಾಕ್ಟರಿನಲ್ಲಿ ಹಾಡು ಹೇಳಿಕೊಂಡು ನಮ್ಮೂರಿಗೆ ಬಂದು, ಇಲ್ಲಿ ಊಟ ಹಾಕಿಸಿದ್ದಾಯಿತು. ಮದುಮಕ್ಕಳು ದೇವರಿಗೆ ಹೋಗಿ ಬಂದ ಮೇಲೆ ಅಣ್ಣ ನಿಂಬೆಹಣ್ಣು ಕಿತ್ತೆಸೆದು ಬಾಕುವನ್ನು ದೇವರ ಜಗಲಿಯ ಮೇಲಿಟ್ಟ. ಇಟ್ಟದ್ದನ್ನು ಅವನು ಬಿಟ್ಟರೆ ಯಾರೂ ನೋಡಲಿಲ್ಲ. ಕೆಲವು ದಿನಗಳ ಮೇಲೆ ಅಪ್ಪ ಜಗಲಿಯ ಮುಂದೆ ನಿಂತು ಅವನನ್ನು ಕೂಗಿದ.

"ಬಾಕು ಎಲ್ಲಿಟ್ಟೀಯೋ?"

"ಅಲ್ಲೇ ಇಟ್ಟೀನಪಾ."

"ಅಲ್ಲೆಲ್ಲೈತಿ? ನೀನ ಬಂದು ತೋರಸು."

ಜಗಲಿಯ ಮೇಲೆ ಬಾಕು ಇರಲಿಲ್ಲ. ಮನೆಯೆಲ್ಲ ಹುಡುಕಿದೆವು, ಟ್ರ್ಯಾಕ್ಟರಿನ ಟ್ರೇಲರ್ ಗುಡಿಸಿದೆವು. ಅಪ್ಪ ಅಣ್ಣನನ್ನು ಕರೆದುಕೊಂಡು ಜವಳಗೇರಾಕ್ಕೂ ಹೋದ. ಹಟ ಮಾಡಿ ನಾನೂ ಹೋಗಿದ್ದೆ. ಬೀಗರ ಹಿತ್ತಲಿನ ಬಣವೆಯನ್ನು ಅಪ್ಪ ಉದ್ದನೆಯ ಕೋಲಿನಿಂದ ಚುಚ್ಚಿ ಚುಚ್ಚಿ ನೋಡಿದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಬೀಗರು ನಾಚಿಕೆಯಿಂದ ತಲೆ ತಗ್ಗಿಸಿ ನಿಂತಿದ್ದರು.

ಅಪ್ಪ ಅಣ್ಣನಿಗೆ ಹೊಡೆಯಲಿಲ್ಲ, ಬಯ್ಯಲಿಲ್ಲ. ಊರಿನವರು ಮದುವೆಗೆಂದು ಬಾಕು ಕೇಳಲು ಬಂದರೆ ಮಾತ್ರ, "ನಮ್ಮ ಹಿರಿಮಗ ಕಳದಾನ, ಅವನ್ನ ಕೇಳ್ರಿ" ಎನ್ನುತ್ತಿದ್ದ. ಅಷ್ಟೇ ಸಾಕಾಯಿತು. ಅಣ್ಣನಿಗೆ ಬಾಕು ಕಳದಾಂವ ಎಂಬ ಹೆಸರು ಬಿತ್ತು. ಅವನು ಬೇರೆಯವರ ಅರಿಶಿಣಕ್ಕೆ ಹೋಗುವುದನ್ನೇ ಬಿಟ್ಟ.

ಅವನದು ಹೋಗಲಿ, ಗಂಡಸು, ಹೊಲಕ್ಕೆ ಹೋಗಿ ಕೂತರೆ ಹೊತ್ತು ಹೋಗುತ್ತಿತ್ತು. ನುಂಗಿಕೊಂಡು ಬದುಕಿದವಳು ಅತ್ತಿಗೆ. ಹೊಸ ಸೊಸೆ ಹೊಸ್ತಿಲು ತುಳಿದಳು, ಮೂರು ತಲೆಮಾರು ಇರಬೇಕಾದ ವಸ್ತು ಹೋಯಿತು. ಕಾಲ್ಗುಣ ಎಂದರು. ಮೊದಲು ಅಂದವರು ಯಾರೋ ಗೊತ್ತಿಲ್ಲ, ಆಮೇಲೆ ಎಲ್ಲರೂ ಅಂದರು. ಮನೆಯಲ್ಲಿ ಶುಭಕಾರ್ಯವಾದರೆ ಅವಳ ಕೈಗೆ ಆರತಿ ತಟ್ಟೆ ಕೊಡುತ್ತಿರಲಿಲ್ಲ. "ನೀ ಒಳಗ ಅಡಗಿ ನೋಡವ್ವ" ಎಂದು ನಯವಾಗಿ ಕಳಿಸುತ್ತಿದ್ದರು. ಅವಳ ಸ್ವಂತ ಮಕ್ಕಳ ಮದುವೆಯಲ್ಲಿಯೂ ಆರತಿ ಹಿಡಿದವರು ಬೇರೆಯವರು. ಅವಳು ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದಳು. ಅದನ್ನು ನೋಡಿ ನಾನು ಜಗಳ ತೆಗೆದಿದ್ದೇನೆ. "ನೀ ಓದಿದಾಕಿ, ನಿನಗ ಇವೆಲ್ಲ ತಿಳಿಯೂದಿಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದರು. ಆ ಮಾತು ಕೇಳಿದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಈಗ ಅಣ್ಣನ ಮೊಮ್ಮಗನ ಮದುವೆ ಗೊತ್ತಾಗಿತ್ತು. ಅದಕ್ಕೂ ಮುಂಚೆ ಒಂದು ದಿನ ಅಣ್ಣ ಬಸ್ಸು ಹತ್ತಿ ಸಿಂಧನೂರಿನ ನನ್ನ ಮನೆಗೆ ಬಂದ. ಚಹಾ ಸಹ ಕುಡಿಯದೆ ಮೊಬೈಲು ತೆಗೆದು ಕೈಗಿಟ್ಟ. ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಬಂದ ಫೋಟೊ. ಲಿಂಗಸುಗೂರಿನ ಒಬ್ಬರು ಹಾಕಿದ್ದರು: ನಿಜಾಮರ ಕಾಲದ ಅಸಲಿ ಫೌಜಿ ಬಾಕು, ಮಾರಾಟಕ್ಕಿದೆ.

"ಹಿಡಿ ನೋಡು ತಂಗಿ. ನಮ್ಮದ ಅನಸತೈತಿ."

"ಫೋಟೊದಾಗ ಏನ್ ತಿಳಿತೈತಣ್ಣಾ? ಈಗ ಇಂಥವು ನೂರು ಮಾಡ್ತಾರ. ಹೊಸ ಕಬ್ಬಿಣಕ್ಕ ಉಪ್ಪುನೀರು, ಆಸಿಡ್ ಕುಡಿಸಿ ಮಣ್ಣಾಗ ಹೂಳಿಟ್ರ ಆತು, ನಿಜಾಮನ ಕಾಲಕ್ಕ ಹೋಗಿ ಬರತೈತಿ."

"ಅದಕ್ಕ ನಿನ್ನ ಕಡೆ ಬಂದೀನಿ. ನಮ್ಮದ ಆಗಿದ್ರ ತಗೊಂಡು ಜಗಲಿ ಮ್ಯಾಲ ಇಡೂದು. ಹುಡುಗನ ಅರಿಶಿಣಕ್ಕ ನಿಮ್ಮ ಅತ್ತಿಗಿ ಆರತಿ ಹಿಡೀಬೇಕವ್ವಾ. ನಾ ಸಾಯೂದರಾಗ ಒಮ್ಮೆರ ನೋಡಬೇಕು."

"ನಮ್ಮದಲ್ಲಂದ್ರ?"

ಅವನು ಮೊಬೈಲನ್ನು ವಾಪಸ್ಸು ಜೇಬಿಗಿಟ್ಟ. ಬೇರೆ ಯಾವುದನ್ನೋ ತಂದು ಜಗಲಿಯ ಮೇಲಿಟ್ಟು ಸುಳ್ಳು ಹೇಳುವವನಲ್ಲ ಅವನು, ಅಷ್ಟು ನನಗೆ ಗೊತ್ತಿತ್ತು. ಹೋಗೋಣ ನಡಿ ಎಂದೆ.

ಲಿಂಗಸುಗೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆ. ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ರೇಡಿಯೊ, ಹಿತ್ತಾಳೆಯ ಹಂಡೆ, ಕಾಲು ಮುರಿದ ಆರಾಮ ಕುರ್ಚಿಗಳು. ಮಾರುವವರು ಅಣ್ಣನ ವಯಸ್ಸಿನವರು, ಬೆಳ್ಳಗಿನ ತಲೆ, ಇಸ್ತ್ರಿ ಮಾಡಿದ ಅಂಗಿ. ಅವರ ತಂದೆ ಕಾಲುವೆ ಕೆಲಸದ ಗುತ್ತಿಗೆ ಹಿಡಿದು ಆಂಧ್ರದ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತವರಂತೆ. ಅಣ್ಣನಿಗೆ ಕುರ್ಚಿ ಕೊಟ್ಟರು. ನನಗೆ ಕೊಡಲಿಲ್ಲ. ನಾನೇ ಒಂದನ್ನು ಎಳೆದುಕೊಂಡು ಕೂತೆ.

"ಅಸಲಿ ಮಾಲ್ ರೀ ಯಜಮಾನ್ರ. ಹೈದರಾಬಾದಿನ ಒಬ್ಬರು ದೊಡ್ಡ ಫೌಜಿ ಅಧಿಕಾರಿ ನಮ್ಮ ತಂದಿಗೆ ಖುಷಿಲೆ ಕೊಟ್ಟದ್ದು. ಅವತ್ತಿಂದ ಇವತ್ತಿನತನ ಗಾಜಿನ ಕಪಾಟಿನಾಗ ಐತಿ. ಯಾರೂ ಕೈ ಹಚ್ಚಿಲ್ಲ."

ಕೊಡಿ ನೋಡುತ್ತೇನೆ ಎಂದು ನಾನು ಕೈ ಚಾಚಿದೆ. ಅವರು ಅಣ್ಣನ ಮುಖ ನೋಡಿದರು.

"ಹರಿತ ಐತಮ್ಮಾ, ಕೈ ಕೊಯ್ಕೊಂಡೀರಿ."

"ನನ್ನ ಕೈ ನಾ ನೋಡ್ಕೊಂತೀನ್ರಿ. ನೀವು ಬಾಕು ಕೊಡ್ರಿ."

ಕೊಟ್ಟರು. ಕಿಟಕಿಯ ಬೆಳಕಿಗೆ ಹಿಡಿದೆ. ಮೊದಲು ಹೆಬ್ಬೆರಳಿನಿಂದ ಅಲಗನ್ನು ಒತ್ತಿ ಉಜ್ಜಿದೆ. ಆಸಿಡ್ ಕುಡಿಸಿದ ಕಬ್ಬಿಣದ ತುಕ್ಕು ಎಲ್ಲ ಕಡೆಯೂ ಒಂದೇ ಸಮ ಕೆಂಪಗಿರುತ್ತದೆ, ಬೆರಳಿಗೆ ಪುಡಿ ಹತ್ತುತ್ತದೆ. ಇಲ್ಲಿ ನನ್ನ ಬೆರಳು ಚೊಕ್ಕಟವಾಗಿಯೇ ಉಳಿಯಿತು. ಅಲಗು ಮಾಸಿದ ಬೂದಿ ಬಣ್ಣ, ಅಲ್ಲಲ್ಲಿ ಸಣ್ಣ ಗುಳಿಗಳ ತಳದಲ್ಲಿ ಮಾತ್ರ ಕಪ್ಪು ತುಕ್ಕು. ಅದು ಕಾಲಕ್ಕೆ ಹಿಡಿದ ತುಕ್ಕು, ಕೈಯಿಂದ ಹಿಡಿಸಿದ್ದಲ್ಲ.

ಆಮೇಲೆ ಹಿಡಿ. ಚೀಲದಿಂದ ಸೂಜಿ, ಕಡ್ಡಿಪೆಟ್ಟಿಗೆ ತೆಗೆದೆ. ಮನೆಯ ಯಜಮಾನರು ಎದ್ದೇ ನಿಂತರು.

"ಏನ್ ಮಾಡಾಕತ್ತೀರಮ್ಮಾ? ಸುಟ್ರ ಮಾಲ್ ಕೆಡತೈತಿ."

"ಕೆಟ್ರ ಕೆಟ್ಟದ್ದನ್ನ ನಾವ ಕೊಂಡ್ಕೊಂತೀವಿ, ಕೂಡ್ರಿ."

ಕಾಯಿಸಿದ ಸೂಜಿಯ ಮೊನೆಯನ್ನು ಹಿಡಿಯ ಕೆಳಗೆ, ಕಣ್ಣಿಗೆ ಬೀಳದ ಕಡೆ ಒತ್ತಿದೆ. ಪ್ಲಾಸ್ಟಿಕ್ಕಾದರೆ ಆ ನಾತವೇ ಬೇರೆ. ಇದು ಕೂದಲು ಸುಟ್ಟ ವಾಸನೆ. ಅಸಲಿ ಕೊಂಬು. ಹಿಡಿಯನ್ನು ಕೂರಿಸಿದ್ದು ಸ್ಕ್ರೂಗಳಿಂದಲ್ಲ, ಬಡಿದು ಕೂರಿಸಿದ ಎರಡು ಮೊಳೆಗಳಿಂದ. ಒಂದು ಹಿತ್ತಾಳೆಯದು, ಇನ್ನೊಂದು ತಾಮ್ರದ್ದು. ತಾಮ್ರದ ಮೊಳೆಯ ಮೇಲಿಟ್ಟ ಬೆರಳನ್ನು ನಾನು ತೆಗೆಯಲಿಲ್ಲ. ಮಹಾನವಮಿಗೆ ತಿಕ್ಕುವಾಗ ಒಂದು ವರ್ಷ ಅಲ್ಲಿದ್ದ ಹಿತ್ತಾಳೆಯ ಮೊಳೆ ಸಡಿಲಾಗಿ ಬಿದ್ದು, ಅವ್ವ ಮಸ್ಕಿಯ ಸಂತೆಯಲ್ಲಿ ತಾಮ್ರದ್ದು ಹಾಕಿಸಿಕೊಂಡು ಬಂದಿದ್ದಳು. ಜೋಡಿ ತಪ್ಪಿತೆಂದು ಮುತ್ಯಾ ಮುನಿಸಿಕೊಂಡು ಒಪ್ಪೊತ್ತು ಉಣ್ಣಲಿಲ್ಲ.

ಅಣ್ಣನೂ ಅದನ್ನು ನೋಡಿದ್ದ. ಏನೋ ಹೇಳುವುದರಲ್ಲಿದ್ದ. ನಾನು ಕಣ್ಣಿನಲ್ಲೇ ಸುಮ್ಮನಿರು ಎಂದೆ. ಇನ್ನೊಂದು ನೋಡುವುದಿತ್ತು.

"ಮುದ್ರಿ ಅಳಸಿ ಹೋಗೈತ್ರಿ, ಭಾಳ ಹಳೇದಲ್ಲಾ" ಎಂದು ಯಜಮಾನರು ತಾವೇ ಬುಡದ ಕಡೆ ಬೆರಳು ತೋರಿಸಿದರು. ಅರ್ಧಕ್ಕರ್ಧ ಅಳಿಸಿತ್ತು ನಿಜ. ಆದರೆ ಗಾಜಿನ ಕಪಾಟಿನಲ್ಲಿ ಸುಮ್ಮನೆ ಮಲಗಿದ ಬಾಕುವಿನ ಮುದ್ರೆ ತನ್ನಷ್ಟಕ್ಕೆ ಅಳಿಸುವುದಿಲ್ಲ. ಯಾರಾದರೂ ಕೂತು ತಿಕ್ಕಬೇಕು. ಹಳೆಯ ವಸ್ತು ಕೂಡಿಡುವವರು ಅದರ ಮೇಲಿನ ಮಾಸಲು ಬಣ್ಣವನ್ನೇ ಚಿನ್ನದಂತೆ ಕಾಯುತ್ತಾರಂತೆ. ನಾವು ವರ್ಷಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಅದನ್ನೆಲ್ಲ ತಿಕ್ಕಿ ತೆಗೆದು, ಫಳಫಳ ಹೊಳೆಯುವಂತೆ ಮಾಡಿ, ಅರಿಶಿಣ ಕುಂಕುಮ ಇಟ್ಟು ಕೈ ಮುಗಿಯುವವರು. ನಿಜಾಮನ ಮುದ್ರೆಯನ್ನು ನಾನು, ನಮ್ಮವ್ವ, ಅವಳ ಅತ್ತೆ ಸೇರಿ ಅಳಿಸಿದ್ದೇವೆ. ಅದಕ್ಕೆ ನನಗೆ ನಾಚಿಕೆಯೇನಿಲ್ಲ.

ಕೊನೆಗೆ ತುದಿ ನೋಡಿದೆ. ತುದಿಯಿಂದ ಒಂದು ನಿಂಬೆಹಣ್ಣಿನ ಉದ್ದದಷ್ಟು ಅಲಗು ಕಪ್ಪಗಾಗಿತ್ತು. ಮೈಲಿ ಬೇನೆ ಎದ್ದು ಹೋದ ಮುಖದಂತೆ ಗುಳಿಗುಳಿ. ಅಂಚು ಕೂಡ ಉಳಿದ ಅಲಗಿಗಿಂತ ತೆಳ್ಳಗೆ ಸವೆದಿತ್ತು. ಕಪ್ಪು ಒಂದು ಕಡೆ ನಿಂತು, ಅಲ್ಲಿಂದ ಹಿಡಿಯ ಕಡೆಗೆ ರಸ ಇಳಿದ ಗೆರೆಗಳು. ನಿಂಬೆಯ ಹುಳಿ ಕಬ್ಬಿಣವನ್ನು ತಿನ್ನುತ್ತದೆ ಎಂದು ನಾನು ಹುಡುಗರಿಗೆ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಒಮ್ಮೆ ಚುಚ್ಚಿದರೆ ಇಷ್ಟಾಗುವುದಿಲ್ಲ. ಮದುವೆಯ ಮೇಲೆ ಮದುವೆ, ಮದುಮಗನ ಮೇಲೆ ಮದುಮಗ, ದಿನಗಟ್ಟಲೆ ಹಣ್ಣು ಅಲ್ಲೇ ಕೂತು ಕೊಳೆತಿರಬೇಕು.

ಬಾಕುವನ್ನು ಮೇಜಿನ ಮೇಲಿಟ್ಟು ಕೇಳಿದೆ:

"ಯಜಮಾನ್ರ, ಗಾಜಿನ ಕಪಾಟಿನಾಗ ಇದಕ್ಕ ನಿಂಬಿಹಣ್ಣು ಯಾರು ತಿನಸಿದ್ರು?"

"ಏನಂದ್ರಿ?"

"ಹೈದರಾಬಾದಿನ ಅಧಿಕಾರಿ ಮದುಮಗ ಆಗಿ ಅರಿಶಿಣ ಹಚ್ಚಿಸಿಕೊಂಡು ಕೂತಿದ್ನೇನು? ಇದು ನಮ್ಮ ಕಡೆ ಮದುವಿ ಮಾಡಿದ ಬಾಕು. ತುದಿ ನೋಡ್ರಿ. ನೀವೂ ಇಲ್ಲೇ ಹುಟ್ಟಿ ಬೆಳದೀರಿ, ನಿಮಗ ನಾ ಹೇಳಿಕೊಡಬೇಕಾ?"

ಅವರು ತುದಿ ನೋಡಿದರು. ಇಷ್ಟು ವರ್ಷ ಮನೆಯಲ್ಲಿದ್ದ ವಸ್ತುವನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಅಷ್ಟರಲ್ಲಿ ಅಣ್ಣ ತಡೆಯಲಾರದೆ ಎದ್ದ.

"ಇದು ನಮ್ಮ ಬಾಕು. ನಮ್ಮ ಮನ್ಯಾಗಿಂದ ಹೋಗಿದ್ದು. ಕಳವು ಮಾಡಿದ ಮಾಲ್ ತಗೊಂಡು ಕೂತಿದ್ರೇನ್ರಿ ನಿಮ್ಮಪ್ಪ?"

ಯಜಮಾನರ ಮುಖ ಕೆಂಪಾಯಿತು. "ನಮ್ಮಪ್ಪಗ ಕಳ್ಳ ಅನಬ್ಯಾಡ್ರಿ" ಎಂದರು. ಆಮೇಲೆ ನಮ್ಮ ಊರು ಯಾವುದು, ಯಾರ ಮಕ್ಕಳು ಎಂದು ಕೇಳಿದರು. ಹೇಳಿದೆವು. ಅವರು ಮತ್ತೆ ಕುರ್ಚಿಯಲ್ಲಿ ಕೂತರು.

"ನಿಮ್ಮಪ್ಪನೇ ತನ್ನ ಕೈಲೆ ತಂದು ಕೊಟ್ಟಾನ್ರಿ" ಎಂದರು. "ಧೋತರದಾಗ ಸುತ್ತಿಕೊಂಡು ನಮ್ಮ ಕ್ಯಾಂಪಿಗೆ ಬಂದಿದ್ದ. ನಾ ಆವಾಗ ಅಪ್ಪನ ಸಂಗಾಟ ಕಾಲುವಿ ಕೆಲಸ ನೋಡಾಕತ್ತಿದ್ದೆ, ನನ್ನ ಎದುರಿಗೇ ಕೊಟ್ಟ. ನೀರು ಬಿಡೋ ತೂಬು ನಿಮ್ಮ ಹೊಲ ದಾಟಿ ಮುಂದ ಕೂಡೂದಿತ್ತು. ನಿಮ್ಮನಿ ಮದುವಿ ಊಟಕ್ಕ ಬಂದಾಗ ನಮ್ಮಪ್ಪ ಈ ಬಾಕು ನೋಡಿ ಭಾಳ ಮೆಚ್ಚಿದ್ದ. ಅದು ನಿಮ್ಮಪ್ಪಗ ಗೊತ್ತಾಗೈತಿ. ಬಾಕು ಇಲ್ಲಿಗೆ ಬಂತು, ತೂಬು ನಿಮ್ಮ ಹೊಲದ ತಲಿಗೆ ಬಂತು."

"ಮತ್ತ ಆ ಹೈದರಾಬಾದಿನ ಅಧಿಕಾರಿ?" ಎಂದೆ.

"ಲಂಚ ತಗೊಂಡದ್ದು ಅಂತ ಯಾರರ ಹೇಳ್ತಾರೇನಮ್ಮಾ? ಹಂಗ ಹೇಳು ಅಂತ ನಮ್ಮಪ್ಪ ಹೇಳಿದ್ದ, ನಾ ಹೇಳ್ಕೊಂತ ಬಂದೆ."

ನಮ್ಮಪ್ಪ ಸಾಯುವವರೆಗೂ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು, ಒಬ್ಬರಿಗೂ ಒಂದು ಕಪ್ ಚಹಾ ಕುಡಿಸದೆ ಹೊಲಕ್ಕೆ ನೀರು ತಂದೀನಿ ಎಂದು ಹೇಳಿಕೊಂಡವನು. ಊರಿನವರು ಅವನನ್ನು ನೇರ ಮನುಷ್ಯ ಎನ್ನುತ್ತಿದ್ದರು. ಆ ನೀರಿನಿಂದ ಒಣ ಹೊಲ ಗದ್ದೆಯಾಯಿತು. ಆ ಗದ್ದೆಯ ನೆಲ್ಲಿನಿಂದ ನಾನು ರಾಯಚೂರಿನ ಹಾಸ್ಟೆಲಿನಲ್ಲಿದ್ದು ಓದಿದೆ. ಇದನ್ನು ಮುಚ್ಚಿಡುವುದಿಲ್ಲ, ಆ ಅನ್ನ ನಾನೂ ಉಂಡಿದ್ದೇನೆ. ಬಾಕು ಕೊಟ್ಟು ನೀರು ತಂದದ್ದಕ್ಕೆ ನನಗೆ ಸಿಟ್ಟಿಲ್ಲ. ನಾನಿದ್ದರೂ ಕೊಡುತ್ತಿದ್ದೆನೇನೋ. ಕಲ್ಲಂಗಡಿ ಕೊಯ್ಯುವ ಕಬ್ಬಿಣಕ್ಕಿಂತ ನೀರು ದೊಡ್ಡದು. ಆದರೆ ತಾನೇ ಕೊಟ್ಟು ಬಂದು, ಮಗನನ್ನು ಜಗಲಿಯ ಮುಂದೆ ನಿಲ್ಲಿಸಿ ಎಲ್ಲಿಟ್ಟೀಯೋ ಎಂದು ಕೇಳಿದನಲ್ಲ, ಅದನ್ನು ನಾನು ಕ್ಷಮಿಸುವುದಿಲ್ಲ. ಸತ್ತವರನ್ನು ಕ್ಷಮಿಸಬೇಕು ಎನ್ನುವವರಿದ್ದಾರೆ. ಅವರ ಪಾಡಿಗೆ ಅವರು ಕ್ಷಮಿಸಿಕೊಳ್ಳಲಿ.

ಅಣ್ಣ ಗೋಡೆಗೆ ಆತುಕೊಂಡು ನೆಲದ ಮೇಲೆ ಕುಳಿತುಬಿಟ್ಟಿದ್ದ.

"ಬಣವಿ ಎಲ್ಲಾ ಚುಚ್ಚಿ ನೋಡಿದ್ನಲ್ಲ ತಂಗಿ" ಎಂದ.

ಯಜಮಾನರು ಒಳಗಿನಿಂದ ನೀರು ತಂದು ಕೊಟ್ಟರು. ಆಮೇಲೆ ಬೆಲೆ ಕಡಿಮೆ ಮಾಡುತ್ತೇನೆ, ನಿಮ್ಮ ವಸ್ತು, ಒಯ್ಯಿರಿ ಎಂದರು. ಬೇಡ ಎಂದೆ. ಅವರು ಕೇಳಿದಷ್ಟನ್ನೂ ಕೊಟ್ಟೆ. ಯಾರ ದಯೆಯಿಂದಲೂ ಅದು ನಮ್ಮ ಮನೆಗೆ ವಾಪಸ್ಸು ಬರುವುದು ನನಗೆ ಬೇಕಾಗಿರಲಿಲ್ಲ. ಹೊರಡುವಾಗ ಅವರು, "ನಾ ನಿ​ಮ್ಮೂರಿಗೆ ಬಂದು ಇದನ್ನೆಲ್ಲ ಹೇಳೂದಿಲ್ಲ ನೋಡ್ರಿ, ನನಗೂ ಮಾನ ಐತಿ" ಎಂದರು.

"ನೀವ್ಯಾಕ ಬರ್ತೀರಿ, ಹೇಳಾಕ ನಾ ಅದೀನಿ" ಎಂದೆ.

ಮಸ್ಕಿಯ ಬಸ್ಸಿನಲ್ಲಿ ಬಾಕು ನನ್ನ ಚೀಲದಲ್ಲಿ ಮೆಂತ್ಯದ ಸೊಪ್ಪಿನ ಕೆಳಗೆ ಮಲಗಿತ್ತು. ಪಕ್ಕದ ಸೀಟಿನ ಹೆಂಗಸು ಸೊಪ್ಪು ಎಷ್ಟಕ್ಕೆ ತಂದಿರಿ ಎಂದು ಕೇಳಿ ಚೀಲಕ್ಕೆ ಕೈ ಹಾಕಲು ಬಂದಳು. ಬೇರೆ ದಿನವಾಗಿದ್ದರೆ ಅಣ್ಣ ನಗುತ್ತಿದ್ದ. ಅವನು ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದು, ಅರ್ಧ ದಾರಿಯಲ್ಲಿ ನನ್ನ ಕಡೆ ತಿರುಗಿದ.

"ಕಳ್ಳರು ಒಯ್ದಿದ್ರು, ಈಗ ಸಿಕ್ತು ಅಂತ ಹೇಳೂಣು ತಂಗಿ. ಅಪ್ಪ ಸತ್ತು ಭಾಳ ವರ್ಷ ಆತು. ಅವನ ಹೆಸರು ಯಾಕ ಕೆಡಸೂದು?"

"ಅಪ್ಪ ಸತ್ತಾನ. ನೀ ಬದುಕೀಯಿ. ಅತ್ತಿಗಿ ಬದುಕ್ಯಾಳ."

"ಕಳ್ಳರು ಒಯ್ದಿದ್ರು ಅಂದ್ರೂ ನಾ ಕಳದಿಲ್ಲ ಅಂತ ಆತಲ್ಲ."

"ನೀ ಕಳದಿಲ್ಲ ಅಂತ ಆಗತೈತಿ. ಆಕಿ ಕಾಲ್ಗುಣ ಎಲ್ಲಿ ಹೋಗತೈತಿ? ಸೊಸಿ ಬಂದ ಮ್ಯಾಲ ಮನಿಗೆ ಕಳ್ಳರು ಬಂದ್ರು ಅಂತಾರ."

ಅತ್ತಿಗೆಗೆ ತಾನೇ ಹೇಳುತ್ತೇನೆ ಎಂದ. ಹೇಳಲಿಲ್ಲ. ಅರಿಶಿಣದ ದಿನ ನಾನು ಕೇಳಿದರೆ, ಬಾಯಿ ಬರಲಿಲ್ಲವ್ವಾ ಎಂದು ಹೊಲದ ಕಡೆ ಮುಖ ಮಾಡಿ ನಿಂತ. ಬಾಕು ಸಿಕ್ಕಿದೆ ಎಂಬುದಷ್ಟೇ ಮನೆಯವರಿಗೆ ಗೊತ್ತಾಗಿತ್ತು.

ಆ ದಿನ ಅಂಗಳದ ತುಂಬ ಜನ. ಮೊಮ್ಮಗ ಮಣೆಯ ಮೇಲೆ ಕೂತಿದ್ದ, ಮೈಗೆಲ್ಲ ಅರಿಶಿಣ. ಕಾಕಾ, ಎಂದರೆ ಅಪ್ಪನ ತಮ್ಮ, ಈಗ ಮನೆಗೆಲ್ಲ ಹಿರಿಯ. ಹೊರಸಿನ ಮೇಲೆ ಕೂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದ. ಕಾಕಾನ ಸೊಸೆ ಆರತಿ ತಟ್ಟೆ ಹಿಡಿದು ಸಿದ್ಧವಾಗಿದ್ದಳು. ಅತ್ತಿಗೆ ಎಂದಿನಂತೆ ಒಳಗೆ. ನಾನು ಜಗಲಿಯಿಂದ ಬಾಕು ತೆಗೆದು, ಹೊಸ ನಿಂಬೆಹಣ್ಣು ಚುಚ್ಚಿ, ಅಂಗಳದ ನಡುವೆ ನಿಂತೆ.

"ಇದು ಎಲ್ಲಿತ್ತು, ಹೆಂಗ ಹೋಗಿತ್ತು ಅಂತ ಹೇಳೂದೈತಿ" ಎಂದೆ.

"ಸಿಕ್ಕೈತಲ್ಲ, ಸಾಕು" ಎಂದ ಕಾಕಾ. "ಹುಡುಗನ ಕೈಗೆ ಕೊಡು. ಶುಭ ಹೊತ್ತಿನಾಗ ಕಥಿ ಯಾಕ?"

"ಕಳದೈತಿ ಅಂದಾಗ ಎಲ್ಲಾರಿಗೂ ಕಥಿ ಬೇಕಾಗಿತ್ತಲ್ಲ ಕಾಕಾ. ಸಿಕ್ಕಾಗಿನ ಕಥಿನೂ ಕೇಳ್ರಿ."

ಹೇಳಿದೆ. ಧೋತರ, ಕ್ಯಾಂಪು, ತೂಬು, ಬಣವೆ, ಒಂದನ್ನೂ ಬಿಡಲಿಲ್ಲ. ಎಷ್ಟೋ ವರ್ಷ ಗದ್ದಲದ ತರಗತಿಗಳಲ್ಲಿ ಕೂಗಿದ ಗಂಟಲು, ಅಂಗಳದ ಕೊನೆಯವರೆಗೂ ಕೇಳಿಸಿತು. ಸತ್ತ ತನ್ನ ಅಣ್ಣನ ಮರ್ಯಾದೆ ಕಳೆದೆ ಎಂದು ಕಾಕಾ ಕೈ ಎತ್ತಿದ, ನಾನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಹಿಂದಿನಿಂದ ಯಾರೋ ಮುದುಕರು, "ಏನರ ಅನ್ನು, ಮನಿತನಕ್ಕ ನೀರು ತಂದಾನ, ದೊಡ್ಡ ಮನಷಾ" ಎಂದರು. ನಾಲ್ಕಾರು ತಲೆಗಳು ಹೌದು ಹೌದು ಎಂದು ಅಲ್ಲಾಡಿದವು. ನೋಡನೋಡುತ್ತಲೇ ಅಪ್ಪ ಮತ್ತೆ ದೊಡ್ಡವನಾಗುತ್ತಿದ್ದ.

"ನೀರು ತಂದದ್ದು ನಾನೂ ಹೇಳಿದೆ" ಎಂದೆ. "ಅದರ ಋಣ ಯಾರ ತಲಿ ಮ್ಯಾಲ ಹೊರಸಿದ ಅನ್ನೂದನ್ನೂ ನೀವು ಹೇಳ್ರಿ."

ಆಗ ಜನ ನನ್ನ ಬೆನ್ನ ಹಿಂದೆ ನೋಡತೊಡಗಿದರು. ತಿರುಗಿದರೆ ಅತ್ತಿಗೆ ಹೊಸ್ತಿಲ ಮೇಲೆ ನಿಂತಿದ್ದಳು. ಕೈಯೆಲ್ಲ ಕಣಕ ಹಿಟ್ಟು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎಲ್ಲ ಕೇಳಿಸಿಕೊಂಡಿದ್ದಳು. ಅಣ್ಣ ಅವಳ ಕಡೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತ. ಅವಳು ಅವನನ್ನು ನೋಡಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಂಗಳಕ್ಕೆ ಇಳಿದಳು.

"ನೀರು ಬಂದದ್ದು ಅದ ವರ್ಷ ಅಲ್ಲೇನು ತಂಗಿ?" ಎಂದು ನನ್ನನ್ನು ಕೇಳಿದಳು.

"ಹೌದತ್ತಿಗಿ. ಅದ ವರ್ಷ."

ಅವಳು ಕಾಕಾನ ಕಡೆ, ಗೋಡೆಗೆ ಒರಗಿ ಕೂತ ಮುದುಕಿಯರ ಕಡೆ ಒಬ್ಬೊಬ್ಬರನ್ನಾಗಿ ನೋಡಿದಳು. ದನಿ ಎತ್ತರಿಸಲಿಲ್ಲ.

"ಬಾಕು ಹೋತು, ನನ್ನ ಕಾಲ್ಗುಣ ಅಂದ್ರಿ. ಅದ ವರ್ಷ ಹೊಲಕ್ಕ ನೀರು ಬಂತು. ಅದಕ್ಕರ ನನ್ನ ಕಾಲ್ಗುಣ ಅಂತ ಒಬ್ಬರರ ಅಂದ್ರೇನು?"

ಕಾಕಾ ಹೊರಸಿನ ಹಗ್ಗ ನೋಡುತ್ತ ಕೂತ. ಅತ್ತಿಗೆ ಕಾಕಾನ ಸೊಸೆಯ ಎದುರಿಗೆ ಹೋಗಿ, ಕೇಳದೆ, ಅವಳ ಕೈಯಿಂದ ಆರತಿ ತಟ್ಟೆಯನ್ನು ತಾನೇ ತೆಗೆದುಕೊಂಡಳು.